ಲಾಬಾನನ ಮನೆಯಿಂದ ಹೊರಟು ಬಂದವರು



ಪರದೇಶದ ಕೆಲಸಕ್ಕೆ ಎರಡು ವರ್ಷವೆಂದು ಸಹಿ ಹಾಕಿದವರು ಅವಧಿ ಮುಗಿಯುವ ಮೊದಲೇ ಊರಿಗೆ ಹಿಂದಿರುಗಿದರೆ ಅದು ಪಾಪವೇ? ಕೊಟ್ಟ ಮಾತಿಗೆ ತಪ್ಪಿದಂತಾಗುವುದಿಲ್ಲವೇ? ಈ ಪ್ರಶ್ನೆಯನ್ನು ನನ್ನ ಮುಂದಿಟ್ಟವಳು ನಮ್ಮ ಧರ್ಮಕೇಂದ್ರದ ಒಬ್ಬ ಶಿಕ್ಷಕಿ. ಕೇಳಿದ್ದು ಪಾಪನಿವೇದನೆಯಲ್ಲಿ ಅಲ್ಲ, ಫೋನಿನಲ್ಲಿ. ಆಕೆಯ ಒಪ್ಪಿಗೆ ಪಡೆದು, ಹೆಸರು ಹೇಳದೆ ಇದನ್ನು ಬರೆಯುತ್ತಿದ್ದೇನೆ. ನಮ್ಮ ಕರಾವಳಿಯಲ್ಲಿ ಕೊಲ್ಲಿ ದೇಶಗಳ ನಂಟಿಲ್ಲದ ಕಥೋಲಿಕ ಮನೆ ಅಪರೂಪ. ಆದ್ದರಿಂದ ಈ ಪ್ರಶ್ನೆ ಆಕೆಯೊಬ್ಬಳದೇ ಅಲ್ಲ.

ಬಿ.ಎಡ್. ಮುಗಿಸಿ, ಊರಿನ ಶಾಲೆಯಲ್ಲಿ ಕೆಲವು ವರ್ಷ ಗಣಿತ ಕಲಿಸಿದ ಬಳಿಕ ಆಕೆ ಯುಎಇಯ ಒಂದು ಖಾಸಗಿ ಶಾಲೆಗೆ ಹೊರಟಳು. ಏಜೆಂಟನಿಗೆ ಒಂದೂವರೆ ಲಕ್ಷ ರೂಪಾಯಿ ಕೊಟ್ಟಾಗಿತ್ತು. ತಾಯಿಯ ಬಳೆಗಳು ಸೊಸೈಟಿಯಲ್ಲಿ ಅಡವಿದ್ದವು. ನೋಂದಾಯಿತ ಏಜೆಂಟರು ಪಡೆಯಬಹುದಾದ ಸೇವಾಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ ಮಾತ್ರ ಎಂಬ ನಿಯಮ ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಹತ್ತನೆಯ ತರಗತಿ ಪಾಸಾದವರಿಗೆ ಸಾಮಾನ್ಯವಾಗಿ ಸರಕಾರದ ವಲಸೆ ಅನುಮತಿ ಬೇಕಾಗುವುದಿಲ್ಲ. ಹಾಗಾಗಿ ವಿದ್ಯಾವಂತರ ಒಪ್ಪಂದವನ್ನು ಅವರು ಹೊರಡುವ ಮೊದಲು ಯಾವ ಅಧಿಕಾರಿಯೂ ಓದಿ ನೋಡುವುದಿಲ್ಲ. ಓದಿದವರಿಗೆ ಮೋಸವಾಗದು ಎಂಬ ನಂಬಿಕೆಯೇ ಅವರನ್ನು ಒಂಟಿಯಾಗಿ ಬಿಡುತ್ತದೆ.

ಅಲ್ಲಿ ಇಳಿದ ದಿನವೇ ಪಾಸ್‌ಪೋರ್ಟನ್ನು ಶಾಲೆಯ ಕಚೇರಿಯವರು ತೆಗೆದಿಟ್ಟುಕೊಂಡರು. ಒಂದು ಕೋಣೆಯಲ್ಲಿ ಆರು ಮಂದಿ. ಗಣಿತದ ಜೊತೆಗೆ ಆಕೆ ಕಲಿಯದೇ ಇದ್ದ ಎರಡು ವಿಷಯಗಳ ಪಾಠ. ಸಂಬಳ ಬ್ಯಾಂಕಿಗೆ ಪೂರ್ತಿಯಾಗಿಯೇ ಬೀಳುತ್ತಿತ್ತು. ಮರುದಿನ ಅದರಿಂದ ಒಂದು ಸಾವಿರದ ಇನ್ನೂರು ದಿರ್ಹಮ್ ತೆಗೆದು ಕಚೇರಿಗೆ ಮರಳಿ ಕೊಡಬೇಕು, ಪೂರ್ತಿ ಸಂಬಳ ಮುಟ್ಟಿದೆಯೆಂದು ಪುಸ್ತಕದಲ್ಲಿ ಸಹಿಯನ್ನೂ ಹಾಕಬೇಕು.

ನಾಲ್ಕನೆಯ ತಿಂಗಳಲ್ಲಿ ಆಕೆ ಮೊದಲ ಬಾರಿ ಫೋನ್ ಮಾಡಿದಳು. "ಬಿಟ್ಟು ಬರಲೇ, ಫಾದರ್?" ಎಂದಳು. ಆಗ ನಾನು ಕೊಟ್ಟ ಉತ್ತರವನ್ನು ನೆನೆದರೆ ಇಂದಿಗೂ ನನಗೆ ನಾಚಿಕೆಯಾಗುತ್ತದೆ. "ಸ್ವಲ್ಪ ತಾಳಿಕೋ ಮಗಳೇ. ಇದು ನಿನ್ನ ಶಿಲುಬೆ ಎಂದು ತಿಳಿದು ಯೇಸುಸ್ವಾಮಿಗೆ ಒಪ್ಪಿಸು" ಎಂದುಬಿಟ್ಟೆ. ಒಪ್ಪಂದದಲ್ಲಿ ಏನಿದೆ ಎಂದು ನಾನು ಕೇಳಲಿಲ್ಲ. ಅಂಗಳದಲ್ಲಿ ಯಾರೋ ಕಾಯುತ್ತಿದ್ದರು, ನನಗೆ ಅವಸರವಿತ್ತು.

ಮೂರು ತಿಂಗಳ ನಂತರ ಆಕೆ ಮತ್ತೆ ಕರೆದಳು. ಈ ಬಾರಿ ಸ್ವರದಲ್ಲಿ ಅಳುವಿರಲಿಲ್ಲ. "ಫಾದರ್, ಸೆಕೆ ತಾಳಿಕೊಳ್ಳುತ್ತೇನೆ, ಹಸಿವೂ ತಾಳಿಕೊಳ್ಳುತ್ತೇನೆ. ಆದರೆ ಪ್ರತಿ ತಿಂಗಳು ಸುಳ್ಳಿಗೆ ಸಹಿ ಹಾಕುತ್ತಿದ್ದೇನೆ. ಅದನ್ನೂ ಶಿಲುಬೆ ಅನ್ನಬಹುದೇ?" ಎಂದು ಕೇಳಿದಳು.

ದೈವಶಾಸ್ತ್ರ ಓದಿದ ನನಗೆ ತಕ್ಷಣ ಉತ್ತರ ತೋಚಲಿಲ್ಲ. ಆ ರಾತ್ರಿ ಪುಸ್ತಕಗಳನ್ನು ತೆರೆದು ಕುಳಿತೆ.

ಪ್ರಿಯರೇ, ಧರ್ಮಸಭೆ ಮಾತಿನ ಬೆಲೆಯನ್ನು ಎಂದೂ ಕಡಿಮೆ ಮಾಡಿಲ್ಲ. ನಮ್ಮ 'ಹೌದು' ಹೌದಾಗಿರಬೇಕೆಂದು ಪ್ರಭು ಬೆಟ್ಟದ ಮೇಲಿನ ಬೋಧನೆಯಲ್ಲಿ ಕಲಿಸಿದ್ದಾರೆ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥ ತನ್ನ 2410ನೆಯ ಪರಿಚ್ಛೇದದಲ್ಲಿ ವಾಗ್ದಾನಗಳನ್ನೂ ಒಪ್ಪಂದಗಳನ್ನೂ ಕಟ್ಟುನಿಟ್ಟಾಗಿ ಪಾಲಿಸಬೇಕೆಂದು ಹೇಳುತ್ತದೆ. ಆದರೆ ಅಲ್ಲೇ ಒಂದು ಷರತ್ತನ್ನೂ ಸೇರಿಸುತ್ತದೆ: ಒಪ್ಪಿಕೊಂಡ ವಿಷಯ ನೈತಿಕವಾಗಿ ನ್ಯಾಯವಾಗಿರುವ ಮಟ್ಟಿಗೆ ಮಾತ್ರ. ಅದಕ್ಕೂ ಒಂದು ಶತಮಾನ ಹಿಂದೆ, 1891ರಲ್ಲಿ, 13ನೆಯ ಲಿಯೋ ಜಗದ್ಗುರುಗಳು 'ರೇರುಮ್ ನೊವಾರುಮ್' ಎಂಬ ವಿಶ್ವಪತ್ರದಲ್ಲಿ ಕಾರ್ಮಿಕರ ಪರವಾಗಿ ಇದನ್ನೇ ಹೇಳಿದ್ದರು. ಯಜಮಾನನಿಗೂ ಕೆಲಸದವನಿಗೂ ಆದ ಕರಾರಿಗಿಂತ ಹಿರಿದಾದ ಒಂದು ಸಹಜ ನ್ಯಾಯವಿದೆ, ಗತಿಯಿಲ್ಲದೆ ಅಥವಾ ಭಯದಿಂದ ಕಠಿಣ ಷರತ್ತಿಗೆ ಒಪ್ಪಿದವನು ಬಲಾತ್ಕಾರಕ್ಕೆ ಬಲಿಯಾದವನು ಎಂದು ಅವರು ಬೋಧಿಸಿದರು. 2025ರಲ್ಲಿ ಆಯ್ಕೆಯಾದ ಜಗದ್ಗುರುಗಳು 14ನೆಯ ಲಿಯೋ ಎಂಬ ಹೆಸರನ್ನು ಆರಿಸಿಕೊಂಡಾಗ ನೆನಪಿಸಿದ್ದೂ ಆ ವಿಶ್ವಪತ್ರವನ್ನೇ.

ಕೂಲಿಯನ್ನು ಹಿಡಿದಿಡುವುದು ಸಣ್ಣ ಲೆಕ್ಕದ ತಪ್ಪಲ್ಲ. ಹಿಡಿದಿಟ್ಟ ಕೂಲಿ ದೇವರಿಗೆ ಕೇಳಿಸುವಂತೆ ಕೂಗಿಕೊಳ್ಳುತ್ತದೆ ಎಂದು ಯಕೋಬನ ಪತ್ರ ಎಚ್ಚರಿಸುತ್ತದೆ. ಹಾಗಾದರೆ ಮೊದಲು ಒಪ್ಪಂದ ಮುರಿದವರು ಯಾರು? ನಮ್ಮ ಶಿಕ್ಷಕಿ ವಿಮಾನ ಹತ್ತುವುದಕ್ಕೆ ಬಹಳ ಮುಂಚೆಯೇ ಅದು ಮುರಿದುಹೋಗಿತ್ತು.

ಆದರೆ ಇಲ್ಲಿಗೆ ಮಾತು ಮುಗಿಯುವುದಿಲ್ಲ. ಬಿಟ್ಟು ಬರುವುದು ಪಾಪವಲ್ಲದಿರಬಹುದು, ಬಿಟ್ಟು ಬರುವ ರೀತಿಯಲ್ಲಿ ಪಾಪವಿರಬಹುದು. ಆದಿಕಾಂಡದಲ್ಲಿ ಹಳೆಯ ಯಕೋಬನ ಕಥೆಯನ್ನು ಓದಿ ನೋಡಿ. ಆತನೂ ಪರದೇಶದಲ್ಲಿ ದುಡಿದವನು. ರಾಖೇಲಳಿಗಾಗಿ ಏಳು ವರ್ಷವೆಂದು ಮಾತಾಗಿತ್ತು. ಏಳು ವರ್ಷ ದುಡಿದ ಮೇಲೆ ಸೋದರಮಾವ ಲಾಬಾನ ಕೊಟ್ಟದ್ದು ಲೇಯಾಳನ್ನು. ಒಟ್ಟು ಇಪ್ಪತ್ತು ವರ್ಷ, ಹಗಲಿನ ಬಿಸಿಲು, ರಾತ್ರಿಯ ಚಳಿ. ಹತ್ತು ಸಲ ಸಂಬಳ ಬದಲಾಯಿಸಿದ ಎಂದು ಯಕೋಬನೇ ದೂರುತ್ತಾನೆ. ಕೊನೆಗೆ ಸ್ವದೇಶಕ್ಕೆ ಹಿಂದಿರುಗು, ನಾನು ನಿನ್ನೊಂದಿಗೆ ಇರುತ್ತೇನೆ ಎಂದು ದೇವರೇ ಆತನಿಗೆ ತಿಳಿಸುತ್ತಾರೆ. ತಾಳಿಕೋ ಎಂದು ಹೇಳುವುದಿಲ್ಲ.

ಯಕೋಬನು ಮೊದಲು ಮಡದಿಯರನ್ನು ಹೊಲಕ್ಕೆ ಕರೆಸಿ ಅವರೊಡನೆ ಮಾತನಾಡಿದನು. ಅದು ಒಳ್ಳೆಯದು. ಆದರೆ ಲಾಬಾನ ಕುರಿಗಳ ಉಣ್ಣೆ ಕತ್ತರಿಸಲು ಹೋದ ಹೊತ್ತು ನೋಡಿ, ಹೇಳದೆ ಹೊರಟನು. ರಾಖೇಲಳು ತಂದೆಯ ಮನೆಯ ವಿಗ್ರಹಗಳನ್ನು ಕದ್ದು ತಂದಳು. ಲಾಬಾನ ಏಳು ದಿನ ಬೆನ್ನಟ್ಟಿ ಬಂದು ಹಿಡಿದಾಗ, ಇಪ್ಪತ್ತು ವರ್ಷದ ಅನ್ಯಾಯವೆಲ್ಲ ಮರೆಯಾಗಿ, ಕದ್ದ ವಿಗ್ರಹಗಳ ಮಾತೇ ಮೊದಲಾಯಿತು. ನ್ಯಾಯ ನಮ್ಮ ಕಡೆ ಇದ್ದಾಗಲೂ ಒಂದು ಕಳ್ಳತನ ಸಾಕು, ಬಾಯಿ ಮುಚ್ಚಿಸಲು.

ಈ ಕಥೆಯಿಂದ ನಾವಿಬ್ಬರೂ ಫೋನಿನಲ್ಲೇ ಮೂರು ಪಾಠಗಳನ್ನು ಕಲಿತೆವು.

ಮೊದಲನೆಯದು, ಕಷ್ಟವನ್ನೂ ಅನ್ಯಾಯವನ್ನೂ ಬೇರೆಬೇರೆಯಾಗಿ ನೋಡಬೇಕು. ಒಂಟಿತನ, ಸೆಕೆ, ಮಾತು ಕೇಳದ ಮಕ್ಕಳು, ಮುಂಗೋಪಿ ಮುಖ್ಯೋಪಾಧ್ಯಾಯರು: ಇವು ಕಷ್ಟಗಳು. ಮನಸ್ಸು ಕುಗ್ಗಿದ ವೇಳೆಯಲ್ಲಿ ಹಿಂದಿನ ನಿರ್ಧಾರವನ್ನು ಬದಲಿಸಬಾರದೆಂದು ಲೊಯೋಲದ ಸಂತ ಇಗ್ನಾಸಿಯವರು ಕಲಿಸಿದ್ದು ಇಂಥವುಗಳಿಗಾಗಿ. ಸಂಬಳ ಕಸಿಯುವುದು, ಪಾಸ್‌ಪೋರ್ಟ್ ಹಿಡಿದಿಡುವುದು, ಸುಳ್ಳು ಬರೆಸುವುದು ಅನ್ಯಾಯ. ಇದನ್ನು ತಾಳಿಕೊಳ್ಳುವುದು ಸದ್ಗುಣವೆಂದು ಬೋಧಿಸುವ ಹಕ್ಕು ಯಾವ ಗುರುವಿಗೂ ಇಲ್ಲ. ನನಗಂತೂ ಇರಲಿಲ್ಲ.

ಎರಡನೆಯದು, ಸಾಧ್ಯವಿದ್ದಷ್ಟು ಬೆಳಕಿನಲ್ಲಿ ಹೊರಡಬೇಕು. ಯುಎಇಯಲ್ಲಿ 2022ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಕಾರ್ಮಿಕ ಕಾನೂನು ಕೆಲಸಗಾರರ ದಾಖಲೆಗಳನ್ನು ಮಾಲೀಕರು ಹಿಡಿದಿಡುವುದನ್ನು ನಿಷೇಧಿಸಿದೆ. ಅದರಂತೆ ಒಪ್ಪಂದ ಮುಗಿಸಲು ನ್ಯಾಯವಾದ ಕಾರಣವಿದ್ದು, 30ರಿಂದ 90 ದಿನಗಳೊಳಗೆ ಗೊತ್ತುಪಡಿಸಿದ ಮುನ್ಸೂಚನೆ ಕೊಟ್ಟು ಹೊರಡಬಹುದು. ಮಾಲೀಕನೇ ತನ್ನ ಹೊಣೆಗೆ ತಪ್ಪಿದ್ದರೆ, 14 ಕೆಲಸದ ದಿನ ಮೊದಲು ಸಚಿವಾಲಯಕ್ಕೆ ತಿಳಿಸಿದ ಮೇಲೂ ಆತ ಸರಿಪಡಿಸದಿದ್ದರೆ, ಮುನ್ಸೂಚನೆಯಿಲ್ಲದೆಯೂ ಬಿಡಬಹುದು. ಹೇಳದೆ ಕೇಳದೆ ಕಣ್ಮರೆಯಾದವರ ಮೇಲೆ ಮಾತ್ರ ಗೈರುಹಾಜರಿಯ ದೂರು ಬೀಳಬಹುದು. ಭಾರತದ ಪಾಸ್‌ಪೋರ್ಟ್ 1967ರ ಕಾಯಿದೆಯ ಪ್ರಕಾರ ಕೇಂದ್ರ ಸರಕಾರದ ಸ್ವತ್ತು. ಅದನ್ನು ಬೀರುವಿನಲ್ಲಿ ಬೀಗ ಹಾಕಿಡಲು ಯಾವ ಶಾಲೆಗೂ ಅಧಿಕಾರವಿಲ್ಲ. ತೊಂದರೆಗೆ ಸಿಲುಕಿದವರು ಭಾರತದ ರಾಯಭಾರ ಕಚೇರಿಗೆ ಹೋಗಬಹುದು, ವಿದೇಶಾಂಗ ಸಚಿವಾಲಯ 2015ರಲ್ಲಿ ಆರಂಭಿಸಿದ 'ಮದದ್' ವ್ಯವಸ್ಥೆಯ ಮೂಲಕವೂ ದೂರು ಸಲ್ಲಿಸಬಹುದು. ಆದರೆ ದೇಹಕ್ಕೋ ಮಾನಕ್ಕೋ ಅಪಾಯವಿರುವವರು ದಿನ ಎಣಿಸುತ್ತಾ ಅಲ್ಲೇ ಕೂರಬಾರದು. ಹೆರೋದನಿಂದ ಬಾಲಯೇಸುವನ್ನು ಕಾಪಾಡಲು ಸಂತ ಜೋಸೆಫರು ರಾತ್ರಿಯಲ್ಲೇ ಹೊರಟವರು.

ಮೂರನೆಯದು, ನಮ್ಮದಲ್ಲದ್ದನ್ನು ತರಬಾರದು, ಮಕ್ಕಳಿಗೆ ಸಲ್ಲಬೇಕಾದ್ದನ್ನು ಉಳಿಸಬಾರದು. ಶಾಲೆ ಅನ್ಯಾಯ ಮಾಡಿರಬಹುದು, ಬೆಂಚಿನ ಮೇಲೆ ಕುಳಿತ ಮಕ್ಕಳು ಮಾಡಿಲ್ಲ. ಆಕೆ ಸಚಿವಾಲಯಕ್ಕೆ ದೂರು ಕೊಟ್ಟು, ಬರಹದಲ್ಲಿ ಮುನ್ಸೂಚನೆ ಸಲ್ಲಿಸಿದಳು. ಆ ದಿನಗಳಲ್ಲಿ ಒಂದೂ ತರಗತಿ ತಪ್ಪಿಸಲಿಲ್ಲ. ಉತ್ತರಪತ್ರಿಕೆಗಳನ್ನೆಲ್ಲ ತಿದ್ದಿದಳು. ಯಾವ ಮಗು ಭಿನ್ನರಾಶಿಯಲ್ಲಿ ಎಡವುತ್ತದೆ, ಯಾವುದಕ್ಕೆ ಹಲಗೆ ಕಾಣಿಸುವುದಿಲ್ಲ ಎಂದು ಒಂದು ನೋಟುಪುಸ್ತಕದಲ್ಲಿ ಬರೆದು, ಮುಂದೆ ಬರುವ ಶಿಕ್ಷಕಿಗಾಗಿ ಮೇಜಿನಲ್ಲಿಟ್ಟಳು. ಪಾಸ್‌ಪೋರ್ಟ್ ಕೈಗೆ ಬಂತು. ಕಸಿದುಕೊಂಡ ಹಣದಲ್ಲಿ ಅರ್ಧದಷ್ಟೂ ಬರಲಿಲ್ಲ.

ಊರಿಗೆ ಬಂದ ಮೇಲೆ ಏನಾಯಿತು? ಪ್ರಿಯರೇ, ಇಲ್ಲಿ ನಾನು ನಿಮ್ಮನ್ನೇ ಕೇಳಬೇಕಾಗಿದೆ. ಭಾನುವಾರದ ಬಲಿಪೂಜೆ ಮುಗಿದು ಅಂಗಳದಲ್ಲಿ ನಿಂತಾಗ "ಏನು, ಇಷ್ಟು ಬೇಗ ಬಂದುಬಿಟ್ಟಳೇ?" ಎಂದವರು ನಾವೇ. "ಅಲ್ಲಿ ಏನೋ ಆಗಿರಬೇಕು" ಎಂದು ಪಿಸುಗುಟ್ಟಿದವರೂ ನಾವೇ. ಯಾವಾಗಲೂ ಮುಂದಿನ ಸಾಲಿನಲ್ಲಿ ಕೂರುತ್ತಿದ್ದ ಆಕೆಯ ತಾಯಿ ಹಲವು ವಾರ ಕೊನೆಯ ಬಾಗಿಲ ಬಳಿ ನಿಂತು, ಕೊನೆಯ ಆಶೀರ್ವಾದಕ್ಕೆ ಮೊದಲೇ ಹೊರಟುಹೋಗುತ್ತಿದ್ದರು. ಬಳೆಗಳಿಲ್ಲದ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಿರುತ್ತಿದ್ದರು. ಲಾಬಾನನ ಅನ್ಯಾಯ ಕಡಲಾಚೆ ಮುಗಿದಿತ್ತು, ನಮ್ಮದು ಇಲ್ಲಿ ಆರಂಭವಾಗಿತ್ತು.

ಎಷ್ಟೋ ಮಕ್ಕಳು ಕೆಟ್ಟ ಕೆಲಸವನ್ನು ಬಿಡದಿರುವುದು ಒಪ್ಪಂದಕ್ಕೆ ಹೆದರಿ ಅಲ್ಲ, ಅಂಗಳದ ಈ ಮಾತುಗಳಿಗೆ ಹೆದರಿ. ಯಕೋಬನಿಗೂ ಲಾಬಾನನಿಗಿಂತ ಹೆಚ್ಚಿನ ಭಯ ಊರಿನಲ್ಲಿದ್ದ ಅಣ್ಣ ಏಸಾವನದು. ದಾರಿಯಲ್ಲಿ ಆತ ರಾತ್ರಿಯಿಡೀ ಪ್ರಾರ್ಥಿಸಿದಂತೆ ಹೋರಾಡಿದನು, ಕುಂಟುತ್ತಾ ಮುಂದೆ ನಡೆದನು. ಆದರೆ ಏಸಾವ ಏನು ಮಾಡಿದ? ಓಡಿ ಬಂದು ತಮ್ಮನನ್ನು ಅಪ್ಪಿಕೊಂಡ. ಇಬ್ಬರೂ ಅತ್ತರು. ಎಷ್ಟು ಸಂಪಾದಿಸಿ ತಂದೆ ಎಂದು ಆತ ಕೇಳಲಿಲ್ಲ. ತಮ್ಮ ತಂದ ಕಾಣಿಕೆಯನ್ನೂ ನನಗೆ ಸಾಕಷ್ಟಿದೆ ಎಂದು ಮೊದಲು ಬೇಡವೆಂದನು.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಹೊರಡುವ ಮಕ್ಕಳ ಒಪ್ಪಂದವನ್ನು ಸಹಿ ಹಾಕುವ ಮೊದಲು ತಿಳಿದವರಿಂದ ಓದಿಸಿ. ಧರ್ಮಕೇಂದ್ರಕ್ಕೆ ತಂದರೂ ಸರಿ, ಈಗ ನನಗೆ ಅವಸರವಿಲ್ಲ. ದೂರದಿಂದ ಮಗಳು ಫೋನ್ ಮಾಡಿ "ಅಮ್ಮಾ, ಆಗುವುದಿಲ್ಲ" ಎಂದರೆ ಸಾಲದ ಲೆಕ್ಕವನ್ನು ಎತ್ತುವ ಮೊದಲು ಕಾರಣವನ್ನು ಕೇಳಿ. ಹಿಂದಿರುಗಿ ಬಂದವರನ್ನು ಅಂಗಳದಲ್ಲಿ ಕಂಡರೆ ನೀವೇ ಮುಂದೆ ಹೋಗಿ ಕೈ ಹಿಡಿಯಿರಿ.

ಪ್ರಭುವೇ, ಪರದೇಶದಲ್ಲಿ ದುಡಿಯುವ ನಮ್ಮ ಮಕ್ಕಳ ಬೆವರಿಗೆ ನ್ಯಾಯ ದೊರಕಲಿ. ಅವರು ಹಿಂದಿರುಗುವ ದಿನ, ಹೇಗೇ ಬರಲಿ, ನಮ್ಮ ಬಾಗಿಲು ತೆರೆದಿರಲಿ. ಆಮೆನ್.