ತಿರುವಿನಲ್ಲಿ ಕೈಹಿಡಿಯುವ ಧರ್ಮ

ಶ್ರೀ ವೀತರಾಗಾಯ ನಮಃ



ಸತ್ಯಮಂಗಲದಿಂದ ತಾಳವಾಡಿಯ ಬೆಟ್ಟಸೀಮೆಗೆ ಬರುವವರು ಬಣ್ಣಾರಿಯನ್ನು ದಾಟಿ, ದಿಂಬಂ ಘಾಟಿಯ 27 ಕಡಿದಾದ ತಿರುವುಗಳನ್ನು ಏರಬೇಕು. ತಿರುವಿನಲ್ಲಿ ನಿಂತವನಿಗೆ ಮುಂದಿನ ದಾರಿ ಕಾಣದು. ಅದಕ್ಕಾಗಿಯೇ ಘಾಟಿಯ ಸಂಚಾರಕ್ಕೊಂದು ನಿಯಮವಿದೆ: ಇಳಿಯುವವನು ತಡೆದು, ಏರುವವನಿಗೆ ದಾರಿ ಬಿಡಬೇಕು.

ಬಾಳಿನಲ್ಲಿಯೂ ಇಂಥ ತಿರುವುಗಳುಂಟು. ವ್ಯಾಪಾರ ಕುಸಿಯುತ್ತದೆ, ಮಳೆ ಕೈಕೊಡುತ್ತದೆ, ಮನೆಯ ಹಿರಿಯರು ಅಗಲುತ್ತಾರೆ. ಆಗ 'ಧೈರ್ಯ ತಂದುಕೊಳ್ಳಿ' ಎಂದು ಹೇಳಿ ಎದ್ದುಹೋಗುವುದು ಸುಲಭ. ಜಿನಧರ್ಮವು ಅಷ್ಟಕ್ಕೆ ತೃಪ್ತವಾಗುವುದಿಲ್ಲ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಆರನೆಯದು ಸ್ಥಿತಿಕರಣ. ಅಂದರೆ ಧರ್ಮದಿಂದ ಜಾರುತ್ತಿರುವವನನ್ನು ಮತ್ತೆ ನೆಲೆನಿಲ್ಲಿಸುವುದು.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಈ ಅಂಗಕ್ಕೆ ವಾರಿಷೇಣನನ್ನು ನಿದರ್ಶನವಾಗಿ ಹೆಸರಿಸುತ್ತದೆ. ಆತ ರಾಜಗೃಹದ ಶ್ರೇಣಿಕ ಮಹಾರಾಜನ ಮಗ. ಸ್ಮಶಾನದಲ್ಲಿ ಕಾಯೋತ್ಸರ್ಗದಲ್ಲಿದ್ದಾಗ ಕಳ್ಳತನದ ಸುಳ್ಳು ಅಪವಾದ ಅವನ ಮೇಲೆ ಬಂದಿತು. ತಂದೆಯೇ ಮರಣದಂಡನೆ ವಿಧಿಸಿದ. ಬೀಸಿದ ಖಡ್ಗವು ಹೂಮಾಲೆಯಾಯಿತೆಂದು ಕಥೆ ಹೇಳುತ್ತದೆ. ಅರಮನೆ ಮರಳಿ ಕರೆದರೂ ವಾರಿಷೇಣನು ಹೋಗದೆ ದೀಕ್ಷೆ ಪಡೆದನು.

ಅವನನ್ನು ಅನುಸರಿಸಿ ಮುನಿಯಾದ ಮಿತ್ರ ಪುಷ್ಪಡಾಲನ ಮನಸ್ಸು ಮಾತ್ರ ಹನ್ನೆರಡು ವರ್ಷ ಮಡದಿಯ ನೆನಪಿನಲ್ಲಿಯೇ ಉಳಿಯಿತು. ವಾರಿಷೇಣನು ಗದರಲಿಲ್ಲ, ಜನರೆದುರು ನಿಂದಿಸಲಿಲ್ಲ. ಅವನನ್ನು ಅರಮನೆಗೆ ಕರೆತಂದು, ಅಲಂಕೃತರಾದ ತನ್ನ ರಾಣಿಯರನ್ನೂ ವೈಭವವನ್ನೂ ತೋರಿಸಿ, ಬೇಕಾದರೆ ಇದೆಲ್ಲವೂ ನಿನ್ನದಾಗಲಿ ಎಂದನು. ಮಿತ್ರನು ತೊರೆದುದೆಷ್ಟೆಂಬುದನ್ನು ಕಂಡ ಪುಷ್ಪಡಾಲನು ನಾಚಿ, ವ್ರತದಲ್ಲಿ ದೃಢನಾದನು. ತನ್ನ ತಿರುವನ್ನು ದಾಟಿದವನ ಧೈರ್ಯ ಹೀಗೆ ಇನ್ನೊಬ್ಬನಿಗೆ ಆಸರೆಯಾಯಿತು.

ಅಂಗಗಳ ಕ್ರಮವನ್ನೂ ಗಮನಿಸಿರಿ. ಸ್ಥಿತಿಕರಣಕ್ಕೆ ಮೊದಲು ಉಪಗೂಹನ, ಅನಂತರ ವಾತ್ಸಲ್ಯ. ಮೊದಲು ಸೋತವನ ಸೋಲನ್ನು ಸಾರದಿರಬೇಕು. ಬಳಿಕ ಎತ್ತಿ ನಿಲ್ಲಿಸಬೇಕು. ಆಮೇಲೆ ಪ್ರೀತಿಯಿಂದ ಜೊತೆಗಿರಬೇಕು.

ಹಿಂದೆ ಅಭಿಷೇಕದ ಕಳಶಕ್ಕೆ ಸವಾಲು ಕೂಗುತ್ತಿದ್ದವರು, ನಷ್ಟವಾದ ವರ್ಷ ಸಂಕೋಚದಿಂದ ಬಸದಿಗೇ ಬಾರದಿರುವುದುಂಟು. ಅವರು ಬರಲಿಲ್ಲವೆಂದು ಆಡಿಕೊಳ್ಳುವುದಲ್ಲ, ಅವರ ಮನೆಗೆ ಹೋಗಿ ಕರೆತರುವುದು ಶ್ರಾವಕಧರ್ಮ.

ಇದಕ್ಕೆ ಭಾಷೆಯ ಗಡಿಯಿಲ್ಲ. ಈ ಈರೋಡು ಜಿಲ್ಲೆಯ ವಿಜಯಮಂಗಲದಲ್ಲಿ ಪ್ರಾಚೀನ ಚಂದ್ರಪ್ರಭ ಜಿನಾಲಯವಿದೆ. ತಮಿಳಿನ ವ್ಯಾಕರಣ ನನ್ನೂಲನ್ನು ರಚಿಸಿದ ಭವಣಂದಿಯೂ ಜೈನಮುನಿ. ಅದನ್ನು ಬರೆಸಿದವನು ಗಂಗ ಅರಸು ಸೀಯಗಂಗ. ಕನ್ನಡ, ತಮಿಳು, ಗುಜರಾತಿ, ಮಾರವಾಡಿ, ಮನೆಮಾತು ಯಾವುದಾದರೂ ಆಗಲಿ, ಹಿಡಿಯುವ ಕೈಗೆ ಅನುವಾದ ಬೇಕಿಲ್ಲ.

ಈ ಉತ್ಸವದಲ್ಲಿ ಯಾರ ಸ್ಥಾನ ತೆರವಾಗಿದೆಯೆಂದು ಒಮ್ಮೆ ನೋಡಿರಿ. ಇಳಿಜಾರಿನ ಸುಖದಲ್ಲಿರುವವರು ಕ್ಷಣಕಾಲ ತಡೆದು ನಿಲ್ಲಿರಿ. ಏರುತ್ತಿರುವವರಿಗೆ ದಾರಿಯಾಗಲಿ.

ಸರ್ವರಿಗೂ ಮಂಗಳವಾಗಲಿ. ಜೈ ಜಿನೇಂದ್ರ.