ಕೆಳಗಿನಿಂದ ಕಂಡ ಕುಲಪತಿ

ಕುಲಪತಿಯವರ ಅವಧಿ ಮುಗಿಯಲು ಇನ್ನೂ ಆರು ತಿಂಗಳಿದೆ ಎನ್ನುವಾಗಲೇ ವಿಶ್ವವಿದ್ಯಾಲಯದ ಕ್ಯಾಂಟೀನಿನಲ್ಲಿ ಲೆಕ್ಕಾಚಾರ ಶುರುವಾಗುತ್ತದೆ. ಈಗಿನವರು ಯಾವ ಸಮುದಾಯ, ಅವರ ಹಿಂದಿನವರು ಯಾವ ಜಿಲ್ಲೆ, ಈ ಸಲ ಯಾರ ಪಾಳಿ, ಯಾವ ಮಠದ ಮಾತು ನಡೆಯುತ್ತದೆ, ಯಾವ ಸಚಿವರ ಮನೆಗೆ ಯಾರು ಎಡತಾಕುತ್ತಿದ್ದಾರೆ ಎಂಬುದೆಲ್ಲ ಅಲ್ಲಿ ಗೊತ್ತು. ಹಣದ ಮಾತೂ ಬರುತ್ತದೆ, ದನಿ ತಗ್ಗಿಸಿ. ಈ ಹರಟೆಯನ್ನು ಕೀಳೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ನೇಮಕದ ಆದೇಶ ಹೊರಬಿದ್ದ ದಿನ, ಅಲ್ಲಿ ತೇಲಿಬಂದಿದ್ದ ಹೆಸರೇ ನಿಜವಾಗಿರುವುದನ್ನು ಎಷ್ಟೋ ಸಲ ನೋಡಿದ್ದೇವೆ. ಆದರೆ ಆ ಮೇಜಿನ ಸುತ್ತ ಒಂದು ಪ್ರಶ್ನೆ ಮಾತ್ರ ಏಳುವುದಿಲ್ಲ. ಇವರ ಕೈಕೆಳಗೆ ಇಷ್ಟು ವರ್ಷ ಇದ್ದವರು ಇವರ ಬಗ್ಗೆ ಏನೆನ್ನುತ್ತಾರೆ?

ಕಾನೂನು ಹೇಳುವ ದಾರಿ ಸ್ಪಷ್ಟವಾಗಿಯೇ ಇದೆ. 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮದ 14ನೇ ಪ್ರಕರಣದಂತೆ ಶೋಧನಾ ಸಮಿತಿಯಲ್ಲಿ ನಾಲ್ವರು. ಕುಲಾಧಿಪತಿಗಳಾದ ರಾಜ್ಯಪಾಲರ ಕಡೆಯಿಂದ ಒಬ್ಬರು, ಯುಜಿಸಿಯಿಂದ ಒಬ್ಬರು, ಸರ್ಕಾರದಿಂದ ಒಬ್ಬರು, ಆ ವಿಶ್ವವಿದ್ಯಾಲಯದ ಸಿಂಡಿಕೇಟಿನಿಂದ ಒಬ್ಬರು. ಇವರು ಮೂರು ಹೆಸರು ಕೊಡುತ್ತಾರೆ. ಸರ್ಕಾರದ ಸಹಮತಿ ಪಡೆದು ರಾಜ್ಯಪಾಲರು ಅವರಲ್ಲೊಬ್ಬರನ್ನು ನೇಮಿಸುತ್ತಾರೆ. ಅವಧಿ ನಾಲ್ಕು ವರ್ಷ. ಹಾಗೆ ನೇಮಿಸುವಾಗ ಅರ್ಹತೆ, ಸಮತೆ, ಸಾಮಾಜಿಕ ನ್ಯಾಯ ಮೂರನ್ನೂ ಗಮನದಲ್ಲಿಡಬೇಕೆಂದು ಅದೇ ಪ್ರಕರಣ ಹೇಳುತ್ತದೆ. ಮೂರನ್ನೂ ಒಟ್ಟಿಗೆ ಇಡಬೇಕಾದಲ್ಲಿ ನಾವು ಅವನ್ನು ಪಾಲು ಮಾಡಿಕೊಂಡಿದ್ದೇವೆ. ಅರ್ಹತೆಯ ಪಕ್ಷದವರು ‘ಜಾತಿ ತರಬೇಡಿ’ ಎನ್ನುತ್ತಾರೆ. ತಮ್ಮವರೇ ಸಾಲಾಗಿ ಕೂತಿದ್ದ ಕಾಲದಲ್ಲಿ ಅದು ಜಾತಿಯೆಂದು ಅವರಿಗೆ ಅನ್ನಿಸಿರಲಿಲ್ಲ. ಸಾಮಾಜಿಕ ನ್ಯಾಯದ ಹೆಸರು ಹೇಳುವವರಲ್ಲಿ ಕೆಲವರು ‘ಈ ಸಲ ನಮ್ಮದು’ ಎನ್ನುತ್ತಾರೆ. ತಮ್ಮವರೇ ಬಂದು ಕೂತ ಮೇಲೂ ತಮ್ಮದೇ ಸಮುದಾಯದ ಸಂಶೋಧನಾ ವಿದ್ಯಾರ್ಥಿನಿಯ ಫೆಲೋಶಿಪ್ ಕಡತ ಏಕೆ ಅಲುಗಲಿಲ್ಲವೆಂದು ಕೇಳುವುದಿಲ್ಲ. ಎರಡೂ ಒಂದೇ ತೂಕದ ತಪ್ಪು ಎಂದು ಹೇಳಲಾರೆ. ಮೊದಲನೆಯದು ಬಹುಕಾಲ ನಡೆದುಬಂದ ಅನ್ಯಾಯ, ಎರಡನೆಯದು ಅದಕ್ಕೆ ಬಂದ ಉತ್ತರ. ಆದರೂ ಎರಡು ಬಣಕ್ಕೂ ಆ ಹುದ್ದೆ ಗೆದ್ದುಕೊಳ್ಳಬೇಕಾದ ಗದ್ದುಗೆಯೇ.

ಅರ್ಜಿಯನ್ನೇ ಬಿಡಿಸಿ ನೋಡಿ. ಸ್ಪೈರಲ್ ಬೈಂಡಿಂಗ್ ಮಾಡಿಸಿ, ನಡುನಡುವೆ ಬಣ್ಣದ ಹಾಳೆ ಇಟ್ಟ ದಪ್ಪ ಪುಸ್ತಕ. ಪ್ರಕಟವಾದ ಲೇಖನಗಳು, ಅವುಗಳನ್ನು ಎಷ್ಟು ಜನ ಉಲ್ಲೇಖಿಸಿದ್ದಾರೆಂಬ ಲೆಕ್ಕ, ತಂದ ಪ್ರಾಜೆಕ್ಟುಗಳ ಮೊತ್ತ, ಹೋಗಿಬಂದ ದೇಶಗಳು, ಅಧ್ಯಕ್ಷತೆ ವಹಿಸಿದ ಗೋಷ್ಠಿಗಳು, ಗಣ್ಯರಿಂದ ಶಾಲು ಹೊದಿಸಿಕೊಳ್ಳುತ್ತಿರುವ ಫೋಟೋಗಳು. ಒಂದು ಪುಟದಲ್ಲಿ ಇವರ ಮಾರ್ಗದರ್ಶನದಲ್ಲಿ ಪಿಎಚ್.ಡಿ. ಪಡೆದವರ ಪಟ್ಟಿ ಇರುತ್ತದೆ. ಅರ್ಧಕ್ಕೆ ಬಿಟ್ಟುಹೋದವರ ಪಟ್ಟಿ ಎಲ್ಲಿಯೂ ಇರುವುದಿಲ್ಲ. ಒಂದು ಅಧ್ಯಾಯ ಓದಿಸಿಕೊಳ್ಳಲು ವರ್ಷಗಟ್ಟಲೆ ಅಲೆದವರು, ಮೇಷ್ಟ್ರ ಮಗಳ ಮದುವೆಯ ಲಗ್ನಪತ್ರಿಕೆ ಹಂಚಿದವರು, ಗೈಡ್ ಬದಲಿಸಿಕೊಡಿ ಎಂದು ಅರ್ಜಿ ಕೊಟ್ಟು ಕೊನೆಗೆ ಊರು ಸೇರಿದ ಹುಡುಗಿ, ಇವರು ಯಾರೂ ಆ ಪುಸ್ತಕದಲ್ಲಿಲ್ಲ. ಶಿಫಾರಸು ಪತ್ರಗಳೂ ಅಷ್ಟೇ, ಎಲ್ಲವೂ ಮೇಲಿನಿಂದ ಬಂದವು. ತನಗಿಂತ ದೊಡ್ಡವರ ಮುಂದೆ ಅಭ್ಯರ್ಥಿ ಹೇಗೆ ನಿಲ್ಲುತ್ತಾರೆಂಬುದಕ್ಕೆ ಕಂತೆಗಟ್ಟಲೆ ದಾಖಲೆ ಸಿಗುತ್ತದೆ. ಸಣ್ಣವರ ಮುಂದೆ ಹೇಗೆ ಎಂಬುದನ್ನು ಯಾರೂ ಕೇಳಿಲ್ಲ, ಹಾಗಾಗಿ ಯಾರೂ ಬರೆದಿಟ್ಟಿಲ್ಲ.

ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಇವತ್ತು ಬರುವವರು ಯಾರು? 1980ರಲ್ಲಿ ಶುರುವಾದ ಗುಲ್ಬರ್ಗಾ ವಿಶ್ವವಿದ್ಯಾಲಯದ ಒಂದು ಎಂ.ಎ. ತರಗತಿಯನ್ನು ಊಹಿಸಿಕೊಳ್ಳಿ. ಚಿಂಚೋಳಿ ಕಡೆಯ ತಾಂಡಾದಿಂದ ಬಂದ ಹುಡುಗಿಗೆ ಮನೆಯ ಮಾತು ಲಂಬಾಣಿ, ಶಾಲೆಯದು ಕನ್ನಡ, ಈಗ ಓದಬೇಕಾದ ಪುಸ್ತಕ ಇಂಗ್ಲಿಷ್. ಪಕ್ಕದವಳು ಎಸ್ಸೆಸ್ಸೆಲ್ಸಿವರೆಗೆ ಉರ್ದು ಮಾಧ್ಯಮ. ಹಿಂದಿನ ಬೆಂಚಿನವನದು ಸೇಡಂ ಸೀಮೆ, ಮನೆಯಲ್ಲಿ ತೆಲುಗು. ಬಹಳಷ್ಟು ಮನೆಗಳಲ್ಲಿ ಪದವಿಯ ಮುಖ ಕಂಡವರು ಇವರೇ ಮೊದಲು. ಇವರಿಗೆ ಪಾಠ ಹೇಳುವವರಲ್ಲೂ ಅನೇಕರು ವರ್ಷದಿಂದ ವರ್ಷಕ್ಕೆ ಮುಂದುವರಿಕೆ ಆದೇಶಕ್ಕೆ ಕಾಯುವ ಅತಿಥಿ ಉಪನ್ಯಾಸಕರು. ಕಾಯಂ ಹುದ್ದೆಗಳು ಖಾಲಿ ಬಿದ್ದಿವೆ. ಮೀಸಲಾತಿಯ ರೋಸ್ಟರ್ ತಕರಾರು, ಆರ್ಥಿಕ ಇಲಾಖೆಯ ಅನುಮತಿ, ಕೋರ್ಟು, ಹೀಗೆ ಕಾರಣಕ್ಕೆ ಬರವಿಲ್ಲ.

ಇಂಥ ಕಡೆ ಆಡಳಿತವೆಂದರೆ ಘಟಿಕೋತ್ಸವದ ಭಾಷಣವಲ್ಲ, ಪರೀಕ್ಷಾ ವಿಭಾಗದ ಕಿಟಕಿ. ಬಿ.ಇಡಿ. ಪ್ರವೇಶಕ್ಕೆ ಕೊನೆಯ ದಿನ ಹತ್ತಿರ ಬಂದಿದೆ, ಫಲಿತಾಂಶ ತೋರಿಸುವ ಯುಯುಸಿಎಂಎಸ್ ಪೋರ್ಟಲಿನಲ್ಲಿ ಒಂದು ವಿಷಯದ ಅಂಕ ಕಾಣುತ್ತಿಲ್ಲ. ಹುಡುಗಿ ಬೆಳಗಿನ ಬಸ್ಸಿಗೆ ಬಂದಿದ್ದಾಳೆ, ಜೊತೆಗೆ ಕೂಲಿ ಬಿಟ್ಟು ಬಂದ ಅಪ್ಪ. ಕಿಟಕಿಯ ಆಚೆಯವರು ತಲೆ ಎತ್ತದೆ ‘ನಾಳೆ ಬಾ’ ಎನ್ನುತ್ತಾರೆ. ನಮ್ಮೂರುಗಳಲ್ಲಿ ಹಿಂದೆ ದೆವ್ವವನ್ನು ಸಾಗಹಾಕಲು ಬಾಗಿಲ ಮೇಲೆ ಬರೆಯುತ್ತಿದ್ದ ಮಾತು ಅದು. ದೆವ್ವಕ್ಕಾದರೂ ಬಸ್ ಚಾರ್ಜ್ ಇರಲಿಲ್ಲ. ಕುಲಪತಿಯಾದವರು ಆ ಕಿಟಕಿಯ ಕಡೆ ನಡೆದು ಬರುವವರೋ, ಅಥವಾ ಅದು ಕುಲಸಚಿವರ ವ್ಯಾಪ್ತಿ ಎಂದು ಕಡತಕ್ಕೆ ಷರಾ ಬರೆಯುವವರೋ ಎಂಬುದರ ಮೇಲೆ ಆ ಹುಡುಗಿಯ ಒಂದು ವರ್ಷ ನಿಂತಿದೆ. ಅರ್ಹತೆ, ಸಮತೆ, ನ್ಯಾಯ ಮೂರೂ ಒಟ್ಟಿಗೆ ಪರೀಕ್ಷೆಗೊಳಗಾಗುವುದು ಅಲ್ಲಿಯೇ. ಬೆಂಗಳೂರಿನ ಯಾವುದೋ ಸಭಾಂಗಣದಲ್ಲಿ ಕೂತು ಸ್ಪೈರಲ್ ಪುಸ್ತಕ ತಿರುವುವವರಿಗೆ ಇದು ಕಾಣುವ ಬಗೆ ಹೇಗೆ?

ಹೋಗಿ ನೋಡಿದರೆ ಕಾಣುತ್ತದೆ. ಮೊದಲ ಸುತ್ತಿನಲ್ಲಿ ಉಳಿದ ಏಳೆಂಟು ಅಭ್ಯರ್ಥಿಗಳು ಈಗ ಕೆಲಸ ಮಾಡುತ್ತಿರುವ ವಿಭಾಗಕ್ಕೆ ಸಮಿತಿಯ ಒಬ್ಬ ಸದಸ್ಯರು ಒಂದು ದಿನ ಹೋಗಬಹುದು. ವಿಭಾಗದ ಅತಿಥಿ ಉಪನ್ಯಾಸಕರ ಜೊತೆ ಚಹಾ ಕುಡಿಯಬಹುದು. ಅಲ್ಲಿನ ದಲಾಯತನನ್ನು ಮಾತಾಡಿಸಬಹುದು. ಅಭ್ಯರ್ಥಿಯ ಕೈಯಲ್ಲಿ ಪಿಎಚ್.ಡಿ. ಮಾಡಿ ಈಗ ಬೇರೆ ಊರಲ್ಲಿರುವ, ಅವರಿಂದ ಆಗಬೇಕಾದದ್ದು ಏನೂ ಉಳಿದಿಲ್ಲದ ಇಬ್ಬರಿಗೆ ಫೋನ್ ಮಾಡಬಹುದು. ಅರ್ಧಕ್ಕೆ ಬಿಟ್ಟ ಒಬ್ಬರಿಗೂ. ಕೆಲಸದವಳನ್ನು ಗೊತ್ತು ಮಾಡುವ ಮೊದಲು ಅಕ್ಕಪಕ್ಕದ ಮನೆಯಲ್ಲಿ ವಿಚಾರಿಸುವ ನಾವು, ಸಾವಿರಾರು ಮಕ್ಕಳ ನಾಲ್ಕು ವರ್ಷ ಒಪ್ಪಿಸುವಾಗ ಯಾರನ್ನೂ ವಿಚಾರಿಸುವುದಿಲ್ಲ.

ಇದಕ್ಕೆ ಎದುರು ಮಾತು ಇದೆ, ಅದು ಹಗುರವಾದದ್ದೂ ಅಲ್ಲ. ಕೆಳಗಿನವರನ್ನು ಕೇಳಿದರೆ ಶಿಸ್ತಿನ ಮೇಷ್ಟ್ರಿಗೆ ಕೆಟ್ಟ ಹೆಸರು, ಹಾಜರಾತಿ ಬಿಟ್ಟುಕೊಟ್ಟವರಿಗೆ ಒಳ್ಳೆಯ ಹೆಸರು ಸಿಗುತ್ತದೆ ಎನ್ನುತ್ತಾರೆ. ಜೊತೆಗೆ ನಮ್ಮಲ್ಲಿ ಮೂಗರ್ಜಿಯ ಪರಂಪರೆಯೇ ಇದೆ. ಯಾರ ಹೆಸರು ಮುಂದೆ ಬಂದರೂ ಅವರ ಮೇಲೆ ಸಹಿಯಿಲ್ಲದ ನಾಲ್ಕು ಪುಟ ರಾಜಭವನ ತಲುಪಿರುತ್ತದೆ. ಸರಿಯೇ. ಆದರೆ ಮೂಗರ್ಜಿ ಹುಟ್ಟುವುದೇ ಬಾಯಿಬಿಟ್ಟು ಹೇಳಲು ಜಾಗವಿಲ್ಲದ ಕಡೆ. ಇನ್ನು ಶಿಸ್ತಿನ ಮಾತು. ಗದರಿದ ಮೇಷ್ಟ್ರು ಯಾರು, ಅವಮಾನಿಸಿದ ಮೇಷ್ಟ್ರು ಯಾರು ಎಂಬುದು ವಿದ್ಯಾರ್ಥಿಗೆ ಚೆನ್ನಾಗಿ ಗೊತ್ತಿರುತ್ತದೆ. ಇಪ್ಪತ್ತು ವರ್ಷ ಕಳೆದ ಮೇಲೆ ಕೇಳಿ ನೋಡಿ, ಗದರಿದವರನ್ನು ನೆನೆದು ನಗುತ್ತಾರೆ, ಅವಮಾನಿಸಿದವರ ಹೆಸರೆತ್ತುವುದಿಲ್ಲ.

ಹಳಬರು ಇಂಥ ಮಾತು ಬಂದಾಗಲೆಲ್ಲ ಮೈಸೂರಿನ ಕಾಲವನ್ನು ನೆನೆಯುತ್ತಾರೆ. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸ್ಥಾಪಿಸಿದ ಮೈಸೂರು ವಿಶ್ವವಿದ್ಯಾಲಯಕ್ಕೆ ಮೊದಲ ಕುಲಪತಿ ಎಚ್.ವಿ. ನಂಜುಂಡಯ್ಯ. ಅವರ ನಂತರ ಬಂದವರು ಕಲ್ಕತ್ತದ ದಾರ್ಶನಿಕ ಬ್ರಜೇಂದ್ರನಾಥ ಸೀಲ್. ಬೇರೆ ಸೀಮೆಯ, ಬೇರೆ ಭಾಷೆಯ ವಿದ್ವಾಂಸರನ್ನು ಕರೆತಂದು ಕೂರಿಸುವ ಧೈರ್ಯ ಒಂದು ಸಂಸ್ಥಾನಕ್ಕಿತ್ತು ಎಂಬುದು ಹೆಮ್ಮೆಯ ಸಂಗತಿಯೇ. ಇವತ್ತು ಪಕ್ಕದ ಜಿಲ್ಲೆಯವರು ಬಂದರೂ ‘ಹೊರಗಿನವರು’ ಎಂಬ ಗೊಣಗಾಟ ಕೇಳಿಸುತ್ತದೆ. ಆದರೆ ಆ ನೆನಪಿನ ಇನ್ನೊಂದು ಮಗ್ಗುಲನ್ನು ಹೇಳದೆ ಬಿಡಬಾರದು. ಅದೇ ಮೈಸೂರಿನಲ್ಲಿ, ವಿಶ್ವವಿದ್ಯಾಲಯ ಹುಟ್ಟಿ ಎರಡೇ ವರ್ಷಕ್ಕೆ, ಅಂದರೆ 1918ರಲ್ಲಿ, ಹಿಂದುಳಿದ ವರ್ಗಗಳಿಗೆ ಚಾಕರಿಯಲ್ಲಿ ಪಾಲು ಸಿಗುವ ಬಗೆ ಹುಡುಕಲು ಮಿಲ್ಲರ್ ಸಮಿತಿಯನ್ನು ನೇಮಿಸಬೇಕಾಯಿತು. ಓದು, ಸರ್ಕಾರಿ ಚಾಕರಿ ಎರಡೂ ಒಂದೇ ವರ್ಗದ ಕೈಯಲ್ಲಿದ್ದವು, ಉಳಿದವರು ಅರ್ಜಿ ಹಿಡಿದು ನಿಂತಿದ್ದರು. ಅಂದು ಕುಲಪತಿಗಾಗಿ ಹುಡುಕಾಟ ದೇಶದಗಲ ನಡೆಯಿತು, ತರಗತಿಯೊಳಗೆ ಮಾತ್ರ ಜಾಗ ಕಿರಿದಾಗಿತ್ತು. ಇಂದು ತರಗತಿ ಹಿಗ್ಗಿದೆ, ಹುಡುಕಾಟ ಕುಗ್ಗಿದೆ. ಆ ಕಾಲಕ್ಕೆ ವಾಪಸು ಹೋಗುವ ಆಸೆ ನನಗಿಲ್ಲ. ರಾಜ ಒಬ್ಬ ಒಳ್ಳೆಯವನಾಗಿದ್ದ ಎಂಬುದು ಒಂದು ಪದ್ಧತಿಯಲ್ಲ.

ನನಗೆ ಹೆಚ್ಚು ಹತ್ತಿರವಾದ ಉದಾಹರಣೆಗಳು ಬೇರೆ. ಕುವೆಂಪು 1929ರಿಂದ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿ, ಅಲ್ಲಿಯೇ ಪ್ರಾಂಶುಪಾಲರಾಗಿ, 1956ರಲ್ಲಿ ಕುಲಪತಿಯಾದರು. ಅಷ್ಟು ಹೊತ್ತಿಗೆ ಅವರ ಮುಂದೆ ಕೂತು ಕೇಳಿದ ಹಲವು ತಲೆಮಾರಿನ ವಿದ್ಯಾರ್ಥಿಗಳು ನಾಡಿನ ತುಂಬ ಇದ್ದರು. 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರನ್ನೇ ನೋಡಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯ ಹುಡುಗ ಓದಿಗಾಗಿ ಬೆಂಗಳೂರಿಗೆ ನಡೆದುಬಂದದ್ದು ಎಲ್ಲರಿಗೂ ಗೊತ್ತಿರುವ ಕಥೆ. ಅಮೆರಿಕದ ಓಹಿಯೊದಲ್ಲಿ ಭೌತಶಾಸ್ತ್ರದ ಪಿಎಚ್.ಡಿ. ಮಾಡಿ ಮರಳಿದ ಮೇಲೂ ಅವರು ಬದುಕಿನ ಬಹುಭಾಗ ಕಳೆದದ್ದು ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲಿ, ಹುಡುಗರ ನಡುವೆ. ಅವರ ಊಟ, ಅವರ ಬಟ್ಟೆ, ಅವರ ಕೋಪ ಯಾವುದೂ ಕೆಳಗಿನವರಿಗೆ ಗುಟ್ಟಾಗಿರಲಿಲ್ಲ. 1976ರಲ್ಲಿ ಅವರು ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿ ದೊಡ್ಡ ದೊಡ್ಡವರ ಸಿಟ್ಟಿಗೆ ಗುರಿಯಾದಾಗ, ಇದರ ಹಿಂದೆ ಸ್ವಂತ ಲಾಭವಿದೆ ಎಂದು ನಂಬುವುದು ಅವರ ಜೊತೆ ಬಾಳಿದವರಿಗೆ ಸಾಧ್ಯವಿರಲಿಲ್ಲ. ಅಂಥ ನೈತಿಕ ಬಂಡವಾಳ ಬಯೋಡೇಟಾದ ಯಾವ ಕಾಲಂನಲ್ಲೂ ಹಿಡಿಸುವುದಿಲ್ಲ.

ಈ ಹುದ್ದೆಗೆ ಮಹಿಳೆಯರನ್ನು ಹುಡುಕುವ ಮಾತಂತೂ ಕೇಳಲೇಬೇಡಿ. ಬರೋಡದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯ 1949ರಲ್ಲೇ ಹಂಸಾ ಮೆಹ್ತಾ ಅವರನ್ನು ಕುಲಪತಿ ಮಾಡಿತ್ತು. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯಕ್ಕೆ ಮೊದಲ ಕುಲಾಧಿಪತಿ ಭೋಪಾಲದ ಬೇಗಂ ಸುಲ್ತಾನ್ ಜಹಾನ್. ಅಂಥ ಕಡೆಯೂ ಒಬ್ಬ ಮಹಿಳೆ ಕುಲಪತಿಯಾಗಲು 1920ರಿಂದ 2024ರವರೆಗೆ ಕಾಯಬೇಕಾಯಿತು.

ಸದ್ಯಕ್ಕೆ ನಮ್ಮ ಸಾರ್ವಜನಿಕ ಚರ್ಚೆ ಇನ್ನೊಂದು ಕಡೆ ಹರಿದಿದೆ. ಸಮಿತಿ ಒಂದೇ ಹೆಸರು ಕೊಟ್ಟಿತ್ತೆಂದು, ಅದು ಯುಜಿಸಿ ನಿಯಮಕ್ಕೆ ವಿರುದ್ಧವೆಂದು 2022ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಕೇರಳದ ತಾಂತ್ರಿಕ ವಿಶ್ವವಿದ್ಯಾಲಯದ ಕುಲಪತಿ ನೇಮಕವನ್ನೇ ರದ್ದುಪಡಿಸಿತು. 2025ರ ಜನವರಿಯಲ್ಲಿ ಯುಜಿಸಿ ಹೊಸ ಕರಡು ತಂದು, ಉದ್ಯಮ, ಆಡಳಿತ ಕ್ಷೇತ್ರದವರಿಗೂ ಬಾಗಿಲು ತೆರೆದು, ಶೋಧನಾ ಸಮಿತಿ ರಚಿಸುವ ಅಧಿಕಾರವನ್ನು ಕುಲಾಧಿಪತಿಗೆ ಕೊಡಹೊರಟಿತು. ಹಲವು ರಾಜ್ಯಗಳು ಬೆಂಗಳೂರಿನಲ್ಲಿ ಸೇರಿ ವಿರೋಧಿಸಿದವು. ರಾಜ್ಯ ಕಟ್ಟಿದ, ರಾಜ್ಯ ಸಂಬಳ ಕೊಡುವ ವಿಶ್ವವಿದ್ಯಾಲಯದಲ್ಲಿ ರಾಜ್ಯದ ಮಾತೇ ನಡೆಯದಂತೆ ಮಾಡುವುದು ತಪ್ಪು ಎಂಬ ವಾದ ನನಗೂ ಒಪ್ಪಿಗೆ. ಆದರೆ ಈ ಜಗಳವೆಲ್ಲ ನೇಮಿಸುವ ಕೈ ಯಾರದೆಂಬುದರ ಬಗ್ಗೆ. ರಾಜಭವನ ಗೆದ್ದರೂ ವಿಧಾನಸೌಧ ಗೆದ್ದರೂ ಪರೀಕ್ಷಾ ವಿಭಾಗದ ಕಿಟಕಿಯ ಮುಂದಿನ ಸಾಲು ಹಾಗೆಯೇ ಇರಬಹುದು.

ಹೊಸ ಕಾನೂನಿಗೆ ಕಾಯದೆ ಮಾಡಬಹುದಾದ ಕೆಲಸವೊಂದಿದೆ. 2018ರ ಯುಜಿಸಿ ನಿಯಮಾವಳಿಯ ಪ್ರಕಾರ ಶೋಧನಾ ಸಮಿತಿ ಹೆಸರುಗಳ ಜೊತೆಗೆ ಪ್ರತಿಯೊಬ್ಬರ ವಿದ್ವತ್ತು, ಅನುಭವ, ಆಡಳಿತ ಸಾಮರ್ಥ್ಯಕ್ಕೆ ಕೊಟ್ಟ ಮಹತ್ವವನ್ನು ಬರಹದಲ್ಲಿ ಸಲ್ಲಿಸಬೇಕು. ಆ ಹಾಳೆಗಳು ಕಡತದೊಳಗೆ ಮಲಗಿರುತ್ತವೆ. ಆಯ್ಕೆಯಾದವರ ಬಗ್ಗೆ ಸಮಿತಿ ಬರೆದದ್ದನ್ನು ನೇಮಕದ ದಿನವೇ ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲಿ ಕನ್ನಡದಲ್ಲಿ ಹಾಕಲಿ. ಅದರಲ್ಲಿ ಅವರ ಕೈಕೆಳಗೆ ಕೆಲಸ ಮಾಡಿದ ಎಷ್ಟು ಜನರನ್ನು ಮಾತಾಡಿಸಿದೆವು ಎಂಬ ಒಂದು ಸಾಲೂ ಇರಲಿ. ಸಿಂಡಿಕೇಟಿನ ಸದಸ್ಯರು ತಮ್ಮ ಪ್ರತಿನಿಧಿಯನ್ನು ಸಮಿತಿಗೆ ಕಳಿಸುವಾಗಲೇ ಈ ಷರತ್ತು ಹಾಕಿ ಕಳಿಸಬಹುದು. ನಿಮ್ಮ ಜಿಲ್ಲೆಯ ವಿಶ್ವವಿದ್ಯಾಲಯದ ಸಿಂಡಿಕೇಟಿನಲ್ಲಿ ಯಾರಿದ್ದಾರೆಂದು ಮೊದಲು ತಿಳಿದುಕೊಳ್ಳಿ, ಮುಂದಿನ ಅಧಿಸೂಚನೆ ಹೊರಡುವ ಮುಂಚೆ ಅವರಿಗೆ ಒಂದು ಪತ್ರ ಬರೆಯಿರಿ. ಸಹಿ ಹಾಕಿ ಬರೆಯಿರಿ.