ನೋಡುವ ಕಣ್ಣು

ಮೂವತ್ತು ವರ್ಷ ಮಕ್ಕಳ ಕಾಪಿ ಹಿಡಿದ ನಾನೇ ಒಂದು ದಿನ ಸಿಕ್ಕಿಬಿದ್ದೆ.

ನನಗೆ ಸಕ್ಕರೆ ಕಾಯಿಲೆ ಬಂದು ಎಂಟು ವರ್ಷವಾಯಿತು. ವಾರಕ್ಕೆರಡು ಸಲ ಬೆರಳು ಚುಚ್ಚಿ ನೋಡಿಕೊಂಡು, ಬಂದ ಅಂಕಿಯನ್ನು ಪುಸ್ತಕದಲ್ಲಿ ಬರೆದಿಡಿ ಎಂದು ಡಾಕ್ಟರು ಹೇಳಿದ್ದರು. ನಾನು ಬರೆಯುತ್ತಿದ್ದೆ, ಅವರನ್ನು ಕಾಣಲು ಹೋಗುವ ಹಿಂದಿನ ರಾತ್ರಿ, ಮೂರು ತಿಂಗಳದ್ದನ್ನು ಒಟ್ಟಿಗೆ! ಅನುಮಾನ ಬಾರದಿರಲೆಂದು ಪೆನ್ನು ಬದಲಾಯಿಸುತ್ತಿದ್ದೆ. 110, 124, 118. ನಂಬಿಕೆ ಹುಟ್ಟಲೆಂದು ನಡುವೆ ಒಂದು 160. ಹೋಂವರ್ಕ್ ಮಾಡದ ಹುಡುಗರ ಉಪಾಯಗಳೆಲ್ಲ ನನಗೆ ಬಾಯಿಪಾಠವಾಗಿದ್ದವಲ್ಲ!

ಆ ಸಲ ಡಾಕ್ಟರು ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿದರು. ಹಿಂದಿನ ಎರಡು ಮೂರು ತಿಂಗಳಲ್ಲಿ ರಕ್ತದ ಸಕ್ಕರೆ ಸರಾಸರಿ ಎಷ್ಟಿತ್ತೆಂದು ಅದು ಹೇಳಿಬಿಡುತ್ತದೆ. ನನ್ನದು 9.4. ಅವರು ಗದರಲಿಲ್ಲ. "ಮೇಡಂ, ನಿಮ್ಮ ಪುಸ್ತಕ ಒಂದು ಹೇಳುತ್ತೆ, ರಕ್ತ ಇನ್ನೊಂದು ಹೇಳುತ್ತೆ. ನಾನು ಯಾವುದಕ್ಕೆ ಔಷಧಿ ಬರೀಲಿ?" ಎಂದರು. ಅಂದು ತಲೆ ತಗ್ಗಿಸಿ ಮನೆಗೆ ಬಂದೆ.

ವಿಷಯ ಪುಣೆಯಲ್ಲಿರುವ ಮಗಳಿಗೆ ತಿಳಿಯಿತು. ಮುಂದಿನ ಸಲ ಬಂದವಳು ರೂಪಾಯಿ ನಾಣ್ಯದಂಥ ಒಂದು ಸೆನ್ಸರ್ ತಂದು ನನ್ನ ತೋಳಿಗೆ ಅಂಟಿಸಿದಳು. ಹದಿನಾಲ್ಕು ದಿನ ಅದು ಅಲ್ಲೇ ಇದ್ದು, ಸಕ್ಕರೆಯ ಏರಿಳಿತವನ್ನು ನನ್ನ ಫೋನಿಗೆ ಕಳಿಸುತ್ತಿರುತ್ತದೆ. ಅಲ್ಲಿಂದ ಅದು ಅವಳ ಫೋನಿಗೂ ಹೋಗುತ್ತದೆ. ಪಕ್ಕದ ಮನೆಯವರ ಗೃಹಪ್ರವೇಶದಲ್ಲಿ ಎರಡು ಒಬ್ಬಟ್ಟು ತಿಂದು ಕೈ ತೊಳೆದು ಕೂತಿದ್ದೆನಷ್ಟೆ, ಸ್ವಲ್ಪ ಹೊತ್ತಿಗೆ ಫೋನು: "ಅಮ್ಮಾ, 240 ಆಗಿದೆ. ಏನು ತಿಂದೆ?"

ನನಗೆ ಕೆಟ್ಟ ಕೋಪ ಬಂತು. ಹೆಂಗಸರಾದ ನಮಗೆ ಕಾವಲು ಕಣ್ಣುಗಳು ಹೊಸದೇ? ಹುಡುಗಿಯಾಗಿದ್ದಾಗ ಎಲ್ಲಿಗೆ ಹೋದೆ ಎಂದು ನೋಡಿದರು, ಸೊಸೆಯಾದಾಗ ಎಷ್ಟು ತಿಂದೆ ಎಂದು ನೋಡಿದರು. ಈ ವಯಸ್ಸಿನಲ್ಲಿ ರಕ್ತದೊಳಗೂ ಇಣುಕಬೇಕೇ? ನನ್ನ ಮೈಯ ಗುಟ್ಟು ನನ್ನಲ್ಲೇ ಇಟ್ಟುಕೊಳ್ಳುವ ಹಕ್ಕು ನನಗಿಲ್ಲವೇ? ಮಾರನೆಯ ದಿನ ಫೋನನ್ನು ಬೀರುವಿನಲ್ಲಿಟ್ಟು ಶಾಲೆಗೆ ಹೋದೆ.

ಈ ಮುನಿಸು ಇಳಿಯುವ ಮೊದಲೇ ಚೆನ್ನೈನ ಮಧುಮೇಹ ತಜ್ಞ, ಸಂಶೋಧಕ ಡಾ. ವಿ. ಮೋಹನ್ ಅವರು ತಮಿಳುನಾಡಿನ ಚುನಾಂಪೇಟೆಯಲ್ಲಿ ಮಾಡಿದ ಕೆಲಸದ ಬಗ್ಗೆ ಓದಿದೆ. ಅಲ್ಲಿನ 42 ಹಳ್ಳಿಗಳಿಗೆ ಒಂದು ವ್ಯಾನು ಹೋಯಿತು. ಅದರಲ್ಲಿ ಕಣ್ಣಿನ ಹಿಂಭಾಗದ ಪರದೆಯ ಚಿತ್ರ ತೆಗೆಯುವ ಕ್ಯಾಮರಾ ಇತ್ತು. ಚಿತ್ರಗಳು ಇಸ್ರೋದ ಉಪಗ್ರಹದ ನೆರವಿನಿಂದ ಚೆನ್ನೈಗೆ ಹೋಗುತ್ತಿದ್ದವು, ತಜ್ಞರು ಅಲ್ಲಿಂದಲೇ ನೋಡುತ್ತಿದ್ದರು. ಊರಿನಲ್ಲೇ ಒಂದು ಮಧುಮೇಹ ಕೇಂದ್ರವನ್ನೂ ತೆರೆದರು. 2012ರಲ್ಲಿ ಪ್ರಕಟವಾದ ವರದಿಯ ಪ್ರಕಾರ, 27,014 ವಯಸ್ಕರಲ್ಲಿ 23,449 ಜನರ ತಪಾಸಣೆಯಾಯಿತು. ಒಂದೇ ವರ್ಷದಲ್ಲಿ ಅಲ್ಲಿನ ರೋಗಿಗಳ ಸರಾಸರಿ ಎಚ್‌ಬಿಎ1ಸಿ 9.3ರಿಂದ 8.5ಕ್ಕೆ ಇಳಿಯಿತು. ಚೆನ್ನೈನ ದೊಡ್ಡ ಆಸ್ಪತ್ರೆಗೆ ಕಳಿಸಬೇಕಾಗಿ ಬಂದದ್ದು 100ಕ್ಕೆ 5ಕ್ಕಿಂತ ಕಡಿಮೆ ಜನರನ್ನು.

ಅದರಲ್ಲಿ ಇನ್ನೊಂದು ಅಂಕಿಯೂ ಇತ್ತು. ಪರೀಕ್ಷಿಸಿದ ಮಧುಮೇಹಿಗಳಲ್ಲಿ 100ಕ್ಕೆ 18 ಜನರ ಕಣ್ಣಿನ ಪರದೆಗೆ ಆಗಲೇ ಹಾನಿಯಾಗಿತ್ತು. ಈ ಹಾನಿ ನೋಯುವುದಿಲ್ಲ. ನವಿರಾದ ರಕ್ತನಾಳಗಳು ಒಳಗೇ ಸೋರುತ್ತಿದ್ದರೂ ಎಷ್ಟೋ ಕಾಲ ನೋಟ ಚೆನ್ನಾಗಿಯೇ ಇರುತ್ತದೆ. ಸಕಾಲದಲ್ಲಿ ಕಂಡುಹಿಡಿದರೆ ಲೇಸರ್ ಚಿಕಿತ್ಸೆಯಿಂದ ದೃಷ್ಟಿ ಉಳಿಸಿಕೊಳ್ಳಬಹುದು.

ಅದನ್ನು ಓದುತ್ತ ನನಗೆ ಅಮ್ಮನ ನೆನಪಾಯಿತು. ಅವಳಿಗೂ ಇದೇ ಕಾಯಿಲೆ. ಹಳ್ಳಿಯ ಮನೆಯಲ್ಲಿ ಸಂಜೆಯಾದರೆ, "ಏನೇ, ಇವತ್ತೂ ಕರೆಂಟು ಮಂಕಾಗಿದೆಯಲ್ಲ" ಎನ್ನುತ್ತಿದ್ದಳು. ನಮ್ಮೂರಿನ ಕರೆಂಟಿಗೆ ಆ ಮಾತು ಸದಾ ಒಪ್ಪುತ್ತಿದ್ದುದರಿಂದ ನಾವು ಯಾರೂ ಕಿವಿಗೊಡಲಿಲ್ಲ. ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವಷ್ಟರಲ್ಲಿ ತಡವಾಗಿತ್ತು. ಕೊನೆಯ ನಾಲ್ಕು ವರ್ಷ ಅವಳು ಗೋಡೆ ಸವರಿಕೊಂಡು ನಡೆದಳು. ಅವಳ ಮೈಯ ಗುಟ್ಟನ್ನು ಯಾರೂ ಇಣುಕಿ ನೋಡಲಿಲ್ಲ. ಅದನ್ನು ಸ್ವಾತಂತ್ರ್ಯವೆಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಹಾಗೆಂದು ನನ್ನ ಕೋಪ ಪೂರ್ತಿ ತಪ್ಪೆಂದೂ ಹೇಳಲಾರೆ. ನೋಡುವುದರಲ್ಲೂ ಎರಡು ಬಗೆ. ತಪ್ಪು ಹಿಡಿಯಲು ನೋಡುವುದು ಒಂದು, ಕೈ ಹಿಡಿಯಲು ನೋಡುವುದು ಇನ್ನೊಂದು. ಯಂತ್ರಕ್ಕೆ ಈ ಭೇದ ತಿಳಿಯದು. ಅದು ಅಂಕಿಯನ್ನು ಮುಟ್ಟಿಸುತ್ತದೆ, ಅಷ್ಟೇ. ಆ ಅಂಕಿ ಅಪವಾದವಾಗುವುದೋ ಅಂತಃಕರಣವಾಗುವುದೋ ಎಂಬುದು ಆಚೆ ಕಡೆ ಕೂತವರ ಮಾತಿನಲ್ಲಿದೆ. ಈಚೆ ಕಡೆಯವರಿಗೂ ಒಂದು ಧರ್ಮವಿದೆ. ನಮಗಾಗಿ ಮರುಗುವವರಿಗೆ ಸುಳ್ಳು ಲೆಕ್ಕ ಕೊಟ್ಟರೆ, ಅವರ ಮರುಕವನ್ನೇ ನಾವು ದಾರಿ ತಪ್ಪಿಸಿದಂತೆ. ನನ್ನ ಸುಳ್ಳು ಪುಸ್ತಕ ನಂಬಿ ಡಾಕ್ಟರು ಕೊಟ್ಟ ಔಷಧಿ ಯಾವಳೋ ಇಲ್ಲದ ಹೆಂಗಸಿಗೆ ಕೊಟ್ಟದ್ದು; ಕಾಯಿಲೆಯವಳು ನಾನು ಹಾಗೆಯೇ ಉಳಿದೆ.

ಮಗಳಿಗೆ ಫೋನು ಮಾಡಿ ಹೇಳಿದೆ: "ನೋಡು, ಬೇಡವೆನ್ನುವುದಿಲ್ಲ. ಆದರೆ ಮೊದಲು ಊಟ ಆಯ್ತಾ ಅಂತ ಕೇಳು, ಅಂಕಿ ಆಮೇಲೆ." ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೆದರಿಕೆ ಆಗುತ್ತಮ್ಮ, ಅದಕ್ಕೇ ಹಾಗೆ ಕೇಳ್ತೀನಿ" ಎಂದಳು. ಅದು ನನಗೆ ಹೊಳೆದೇ ಇರಲಿಲ್ಲ. ಅಜ್ಜಿಯ ಕೈ ಹಿಡಿದು ಬಚ್ಚಲಿಗೆ ಕರೆದೊಯ್ಯುತ್ತಿದ್ದವಳು ಅವಳೇ ತಾನೇ?

ಕಳೆದ ಶನಿವಾರ ಶಾಲೆ ಬಿಟ್ಟ ಮೇಲೆ ಹೋಗಿ ಕಣ್ಣಿನ ಪರದೆಯ ಚಿತ್ರ ತೆಗೆಸಿಕೊಂಡು ಬಂದೆ. ಎಂಟು ವರ್ಷದಲ್ಲಿ ಇದೇ ಮೊದಲು. ಸದ್ಯಕ್ಕೆ ತೊಂದರೆಯಿಲ್ಲ, ವರ್ಷಕ್ಕೊಮ್ಮೆ ಬನ್ನಿ ಎಂದಿದ್ದಾರೆ. ಪುಸ್ತಕವೂ ಇದೆ, ಈಗ ಒಂದೇ ಪೆನ್ನಿನಲ್ಲಿ ಬರೆಯುತ್ತೇನೆ.